ಕೀಲು ಬದಲಿಸಿದ ಮೇಲೆ ನೋವಿನ ಮಾತ್ರೆ: ಯಾವುದು, ಎಷ್ಟು ದಿನ, ಹೊಟ್ಟೆಗೆ ಯಾವ ಕಾವಲು

"ಅಣ್ಣ, ಇದೇ ಎರಡು ಶೀಟ್ ಕೊಡಿ" ಎಂದು ಖಾಲಿ ಶೀಟನ್ನು ಕೌಂಟರ್ ಮೇಲಿಟ್ಟು ನಿಲ್ಲುವವರು ನನ್ನ ಅಂಗಡಿಗೆ ವಾರಕ್ಕೆ ನಾಲ್ಕೈದು ಜನ ಬರುತ್ತಾರೆ. ಬೆಂಗಳೂರಿನಲ್ಲೋ ತುಮಕೂರಿನಲ್ಲೋ ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಹತ್ತು ಹನ್ನೆರಡು ದಿನ ಕಳೆದಿರುತ್ತದೆ. ಆಸ್ಪತ್ರೆಯಿಂದ ಕೊಟ್ಟು ಕಳಿಸಿದ್ದು ಮುಗಿದಿದೆ. ಐದು ಬಗೆ ಕೊಟ್ಟಿದ್ದರು, ಅದರಲ್ಲಿ ಅಮ್ಮನಿಗೆ ಗುಣ ಕಂಡದ್ದು ನೋವು ಇಳಿಸಿದ ಒಂದೇ ಮಾತ್ರೆ. ಮಗ ತರುವುದೂ ಅದೊಂದರ ಖಾಲಿ ಶೀಟನ್ನೇ. ಉಳಿದವು ಯಾತಕ್ಕೆ ಎಂದು ಕೇಳಿದರೆ "ಅದೆಲ್ಲ ಗ್ಯಾಸಿಗೆ, ಶಕ್ತಿಗೆ" ಅನ್ನುತ್ತಾನೆ.

ಇಪ್ಪತ್ತೆರಡು ವರ್ಷ ಮೆಡಿಕಲ್ ಸ್ಟೋರಿನ ಕೌಂಟರ್ ಹಿಂದೆ ನಿಂತು ನಾನು ಕಂಡುಕೊಂಡದ್ದು ಇಷ್ಟು: ಮೊದಲ ಶೀಟನ್ನು ಡಾಕ್ಟರು ಬರೆಯುತ್ತಾರೆ. ಕಿಡ್ನಿ ರಿಪೋರ್ಟ್, ಬಿಪಿ, ಹಳೆಯ ಕಾಯಿಲೆ ಎಲ್ಲ ಅವರ ಕಣ್ಣ ಮುಂದಿರುತ್ತದೆ. ಎರಡನೇ ಶೀಟನ್ನು ಯಾರೂ ಬರೆಯುವುದಿಲ್ಲ. ಹೊಟ್ಟೆ ಕೆಡುವುದು ಹೆಚ್ಚಾಗಿ ಆ ಎರಡನೇ ಶೀಟಿನಲ್ಲಿ. ಹಾಗಾಗಿ ಯಾವ ಮಾತ್ರೆ ಒಳ್ಳೆಯದು ಎಂಬ ಪ್ರಶ್ನೆಯ ಜೊತೆಗೇ ಎಷ್ಟು ದಿನ, ಜೊತೆಗೆ ಇನ್ನೇನು ನುಂಗುತ್ತಿದ್ದೀರಿ ಎಂಬುದನ್ನೂ ಹಿಡಿದು ಇಲ್ಲಿ ಹೋಲಿಸುತ್ತೇನೆ. ನಾನು ಡಾಕ್ಟರಲ್ಲ, ಫಾರ್ಮಸಿಸ್ಟ್. ಇದನ್ನು ಓದಿ ಮನೆಯಲ್ಲೇ ಮಾತ್ರೆ ಬದಲಿಸಬೇಡಿ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಎಂಬುದಕ್ಕೆ ಉಪಯೋಗಿಸಿಕೊಳ್ಳಿ.

ಮಂಡಿಯಲ್ಲಿ ಕಾಟ, ಹೊಟ್ಟೆಯಲ್ಲಿ ಕಾವಲು

ಪ್ರೋಸ್ಟಗ್ಲಾಂಡಿನ್ ಎಂಬ ವಸ್ತು ನಮ್ಮ ಮೈಯಲ್ಲೇ ತಯಾರಾಗುತ್ತದೆ. ಕುಯ್ದು ಹೊಲಿದ ಮಂಡಿಯಲ್ಲಿ ಅದು ಹೆಚ್ಚಾದರೆ ಊತ, ಬಿಸಿ, ನೋವು. ಅದೇ ವಸ್ತು ಜಠರದ ಒಳಗೋಡೆಗೆ ಲೋಳೆಯ ಪದರ ಕಟ್ಟಿಸಿ, ರಕ್ತ ಹರಿಸಿ, ನಮ್ಮದೇ ಆಮ್ಲ ನಮ್ಮದೇ ಗೋಡೆಯನ್ನು ತಿನ್ನದಂತೆ ಕಾಯುತ್ತದೆ. ಆಸ್ಪಿರಿನ್ ಈ ವಸ್ತುವಿನ ತಯಾರಿಕೆಯನ್ನೇ ತಡೆಯುತ್ತದೆ ಎಂದು 1971ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಜಾನ್ ವೇನ್. 1982ರಲ್ಲಿ ಅವರಿಗೂ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳಿಗೂ ನೊಬೆಲ್ ಬಂತು. ಉರಿಯೂತದ ಮಾತ್ರೆ ಎಂದು ಕರೆಯುವ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್ ಎಲ್ಲವೂ ಕೆಲಸ ಮಾಡುವುದು ಇದೇ ದಾರಿಯಲ್ಲಿ. ಮಂಡಿಯ ನೋವನ್ನು ಇಳಿಸುವ ಕೈಯೇ ಹೊಟ್ಟೆಯ ಕಾವಲನ್ನೂ ಎಬ್ಬಿಸಿ ಕಳಿಸುತ್ತದೆ.

ಈ ವಸ್ತುವನ್ನು ತಯಾರಿಸುವ ಕಿಣ್ವಗಳು ಎರಡು, ಕಾಕ್ಸ್-1 ಮತ್ತು ಕಾಕ್ಸ್-2. ಮೊದಲನೆಯದು ಹೊಟ್ಟೆಯಲ್ಲಿ ಸದಾ ಕೆಲಸದಲ್ಲಿರುವ ಮನೆಯಾಳು. ಎರಡನೆಯದು ಹೆಚ್ಚಾಗಿ ಗಾಯವಾದಾಗ ಬರುವ ದಿನಗೂಲಿ. ಹಳೆಯ ಮಾತ್ರೆಗಳು ಇಬ್ಬರನ್ನೂ ತಡೆಯುತ್ತವೆ. ಸೆಲೆಕಾಕ್ಸಿಬ್, ಎಟೊರಿಕಾಕ್ಸಿಬ್‌ನಂಥ 'ಕಾಕ್ಸಿಬ್' ಎಂದು ಕೊನೆಯಾಗುವ ಮಾತ್ರೆಗಳು ಮುಖ್ಯವಾಗಿ ದಿನಗೂಲಿಯವನನ್ನು ತಡೆದು ಮನೆಯಾಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ಮುಂದಿನ ಹೋಲಿಕೆಗೆಲ್ಲ ಬೇರು ಇದೇ.

ಇದು ತಿಳಿದರೆ ನಮ್ಮ ಕಡೆಯ ಮೂರು ನಂಬಿಕೆ ಸಡಿಲವಾಗುತ್ತವೆ. "ಮಾತ್ರೆ ಹೊಟ್ಟೆಗೆ ಆಗಲ್ಲ, ಇಂಜೆಕ್ಷನ್ ಕೊಡಿಸಿಬಿಡ್ತೀನಿ" ಅನ್ನುವವರಿದ್ದಾರೆ. ಔಷಧ ಸೊಂಟಕ್ಕೆ ಚುಚ್ಚಿಸಿಕೊಂಡರೂ ರಕ್ತದ ಮೂಲಕ ಜಠರದ ಗೋಡೆಗೆ ಹೋಗಿಯೇ ಹೋಗುತ್ತದೆ. ಗುದದ್ವಾರದಲ್ಲಿ ಇಡುವ ಮಾತ್ರೆಯೂ ಅಷ್ಟೇ. ಎರಡನೆಯದು, "ಉಷ್ಣ ಮಾತ್ರೆ, ಮಜ್ಜಿಗೆ ಕುಡಿದರೆ ಸರಿಹೋಗುತ್ತೆ" ಎಂಬುದು. ಮಜ್ಜಿಗೆ, ಎಳನೀರು ಕುಡಿಯಿರಿ, ಬೇಸಿಗೆಗೆ ಹಿತ, ಆದರೆ ಹೋದ ಲೋಳೆಯ ಪದರವನ್ನು ಅವು ಕಟ್ಟಿಕೊಡುವುದಿಲ್ಲ. ಊಟ ಮಾಡಿ ನುಂಗಿದರೆ ಹೊಟ್ಟೆ ತೊಳಸುವುದು, ಉರಿ ಕಡಿಮೆಯಾಗುತ್ತದೆ ನಿಜ, ಹುಣ್ಣಿನ ಅಪಾಯ ತಪ್ಪುವುದಿಲ್ಲ. ಮೂರನೆಯದೇ ಎಲ್ಲಕ್ಕಿಂತ ಅಪಾಯದ್ದು: "ನನಗೆ ಹೊಟ್ಟೆ ಉರಿಯೇ ಇಲ್ಲ, ಹಾಗಾಗಿ ಏನೂ ಆಗಿಲ್ಲ." ವಯಸ್ಸಾದವರಲ್ಲಿ ಈ ಹುಣ್ಣು ಎಷ್ಟೋ ಸಲ ಸದ್ದೇ ಇಲ್ಲದೆ ಬೆಳೆಯುತ್ತದೆ. ಮೊದಲ ಸುಳಿವೇ ರಕ್ತಸ್ರಾವ ಆಗಿರಬಹುದು.

ಹಾಗಾದರೆ ಈ ಮಾತ್ರೆಯೇ ಬೇಡವೇ?

ಬೇಕು, ಅದೂ ಮೊದಲ ದಿನಗಳಲ್ಲಿ ಚೆನ್ನಾಗಿಯೇ ಬೇಕು. ಹೊಟ್ಟೆಗೆ ಹೆದರಿ ಎಲ್ಲ ಮಾತ್ರೆ ಬಿಟ್ಟು ಹಲ್ಲು ಕಚ್ಚಿ ಮಲಗಿದವರನ್ನೂ ಕಂಡಿದ್ದೇನೆ. ಮಂಡಿ ಬದಲಿಸಿದ ಮೇಲೆ ಮೊದಲ ಕೆಲವು ವಾರದಲ್ಲಿ ಮಡಿಸಿ ನೀಡಿ ಅಭ್ಯಾಸ ಮಾಡದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ. ಆಮೇಲೆ ಲಕ್ಷಗಟ್ಟಲೆ ಕೊಟ್ಟು ಹಾಕಿಸಿದ ಮಂಡಿ ಮೆಟ್ಟಿಲಿಗೂ ಬಗ್ಗುವುದಿಲ್ಲ. ಫಿಸಿಯೋ ಹುಡುಗ ಬಂದಾಗ ಅಭ್ಯಾಸ ಮಾಡುವಷ್ಟು ನೋವು ಇಳಿದಿರಬೇಕು, ಮಾತ್ರೆಯ ಗುರಿ ಅಷ್ಟೇ. ನೋವು ಸೊನ್ನೆಗೆ ಬರಲಿ ಎಂದು ಕೂತರೆ ಡೋಸು ಏರುತ್ತಲೇ ಹೋಗುತ್ತದೆ.

ಡೆನ್ಮಾರ್ಕಿನ ಆರು ಆಸ್ಪತ್ರೆಗಳಲ್ಲಿ ಸೊಂಟದ ಕೀಲು ಬದಲಿಸಿಕೊಂಡ 556 ಜನರ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೊದಲ 24 ಗಂಟೆಯಲ್ಲಿ ನೋವು ತಾಳಲು ಎಷ್ಟು ಮಾರ್ಫಿನ್ ಬೇಕಾಯಿತು ಎಂದು ಅಳೆದರು. ಬರೀ ಪ್ಯಾರಾಸಿಟಮಾಲ್ ತೆಗೆದುಕೊಂಡವರಿಗೆ 36 ಮಿಲಿಗ್ರಾಂ, ಬರೀ ಐಬುಪ್ರೊಫೆನ್‌ನವರಿಗೆ 26, ಎರಡನ್ನೂ ಪೂರ್ತಿ ಡೋಸಿನಲ್ಲಿ ತೆಗೆದುಕೊಂಡವರಿಗೆ 20. ಅಂದರೆ ಉರಿಯೂತದ ಮಾತ್ರೆ ಸೇರಿದರೆ ಮಾರ್ಫಿನ್ ಕಡಿಮೆ ಸಾಕು. ಮಾರ್ಫಿನ್ ಕಡಿಮೆಯಾದರೆ ವಾಂತಿ, ಮಂಪರು, ಮಲಬದ್ಧತೆಯೂ ಕಡಿಮೆಯಾಗಬಹುದೆಂಬುದು ಇದರ ಹಿಂದಿನ ಲೆಕ್ಕ.

ಇದರ ಎದುರಿಗಿಡಬೇಕಾದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಪಾಠ ಹೇಳಿದೆ. ಸೊಂಟದ ಕೀಲು ಬದಲಿಸಿದ ಮೇಲೆ ಕೆಲವರಲ್ಲಿ ಸುತ್ತಲಿನ ಮಾಂಸದೊಳಗೆ ಬೇಡದ ಮೂಳೆ ಬೆಳೆಯುತ್ತದೆ. ಉರಿಯೂತದ ಮಾತ್ರೆ ಅದನ್ನು ತಡೆಯುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಹಾಗಿದ್ದರೆ ಎಲ್ಲರಿಗೂ ಎರಡು ವಾರ ಕೊಟ್ಟುಬಿಡೋಣವೇ ಎಂದು ಆಸ್ಟ್ರೇಲಿಯ, ನ್ಯೂಜಿಲೆಂಡಿನ ವೈದ್ಯರು 902 ರೋಗಿಗಳಲ್ಲಿ ಪರೀಕ್ಷಿಸಿದರು. ಒಂದು ಗುಂಪಿಗೆ ದಿನಕ್ಕೆ 1200 ಮಿಲಿಗ್ರಾಂ ಐಬುಪ್ರೊಫೆನ್, 14 ದಿನ. ಇನ್ನೊಂದು ಗುಂಪಿಗೆ ನೋಡಲು ಹಾಗೇ ಇರುವ ಹುಸಿ ಮಾತ್ರೆ. 2006ರಲ್ಲಿ ಫಲಿತಾಂಶ ಬಂತು. ಎಕ್ಸ್‌ರೇಯಲ್ಲಿ ಬೇಡದ ಮೂಳೆ ಕಡಿಮೆಯಾಗಿತ್ತು. ಆದರೆ ಆರು ತಿಂಗಳು, ವರ್ಷದ ಹೊತ್ತಿಗೆ ನೋವಿನಲ್ಲಾಗಲಿ ನಡಿಗೆಯಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಆಸ್ಪತ್ರೆಯಲ್ಲಿದ್ದಾಗ ದೊಡ್ಡ ರಕ್ತಸ್ರಾವ ಮಾತ್ರ ಐಬುಪ್ರೊಫೆನ್ ಗುಂಪಿನಲ್ಲಿ ಸುಮಾರು ಎರಡು ಪಟ್ಟು. ಎಕ್ಸ್‌ರೇ ಚೆನ್ನಾಯಿತು, ಮನುಷ್ಯನಿಗೆ ಏನೂ ಸಿಗಲಿಲ್ಲ. ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡುವುದು ಬೇಡ ಎಂದು ಆ ವೈದ್ಯರೇ ಹೇಳಿದರು.

ಎರಡನ್ನೂ ಒಟ್ಟಿಗಿಟ್ಟರೆ ನನಗೆ ಕಾಣುವುದು ಇದು: ನೋವು ಕಿತ್ತು ತಿನ್ನುವ ಮೊದಲ ದಿನಗಳಲ್ಲಿ ಈ ಮಾತ್ರೆಗೆ ಬೆಲೆ ಇದೆ. ಅಭ್ಯಾಸಬಲದಿಂದ ಮುಂದುವರಿಸಿದ ದಿನಗಳಿಗೆ ಬೆಲೆ ತೆರುವುದು ನಾವು.

ಈಗ ಒಂದೊಂದಾಗಿ

ಬರೀ ಪ್ಯಾರಾಸಿಟಮಾಲ್. ಹೊಟ್ಟೆಗೆ ಇದಕ್ಕಿಂತ ಸಾಧು ಮಾತ್ರೆ ಇಲ್ಲ. ನಮ್ಮ ಬೆಂಗಳೂರಿನ ಕಂಪನಿಯ ಡೋಲೋ 650 ಕೋವಿಡ್ ಹೊತ್ತಿನಲ್ಲಿ ಮನೆಮಾತಾಗಿ, ಈಗ ಜನ ಅದನ್ನು ಜ್ವರದ ಮಾತ್ರೆ ಎಂದೇ ತಿಳಿದಿದ್ದಾರೆ. "ಇದು ಜ್ವರಕ್ಕಲ್ವಾ, ಮಂಡಿಗೆ ಯಾಕೆ?" ಎಂದು ಚೀಟಿ ತಿರುಗಿಸಿ ತೋರಿಸುತ್ತಾರೆ. ನೋವು ಬಂದಾಗ ಒಂದು ಎಂದು ನುಂಗುವ ಬದಲು ಹೊತ್ತು ಹೊತ್ತಿಗೆ ತೆಗೆದುಕೊಂಡರೆ ಇದರ ಬಲ ಗೊತ್ತಾಗುತ್ತದೆ. ಉಳಿದ ಮಾತ್ರೆಗಳೆಲ್ಲ ಇದರ ಮೇಲೆ ಕಟ್ಟುವ ಗೋಡೆ, ಇದು ತಳಪಾಯ. ಆದರೆ ಒಂಟಿಯಾಗಿ ಮೊದಲ ವಾರದ ಮಂಡಿ ನೋವನ್ನು ಇದು ಹಿಡಿಯುವುದು ಕಷ್ಟ. 24 ಗಂಟೆಗೆ 4 ಗ್ರಾಂ ಇದರ ಗಡಿ. ವಯಸ್ಸಾದವರಿಗೆ, ತೆಳ್ಳಗಿರುವವರಿಗೆ, ಲಿವರ್ ತೊಂದರೆ ಇರುವವರಿಗೆ ಅನೇಕ ಡಾಕ್ಟರು 3 ಗ್ರಾಮಿನೊಳಗೇ ನಿಲ್ಲಿಸುತ್ತಾರೆ.

ಇಲ್ಲೊಂದು ಲೆಕ್ಕದ ತಪ್ಪು ನಿತ್ಯ ನಡೆಯುತ್ತದೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ. ಹೆಸರಿನ ಕೊನೆಗೆ 'ಪಿ' ಇರುವ ಅಸಿಕ್ಲೊಫೆನಾಕ್ ಮಾತ್ರೆಗಳಲ್ಲೂ ಅಷ್ಟೇ ಇರುತ್ತದೆ. ಅದನ್ನು ಎರಡು ಹೊತ್ತು ನುಂಗಿ, ಮೇಲೆ ನಾಲ್ಕು ಸಲ 650 ಹಾಕಿಕೊಂಡರೆ ದಿನಕ್ಕೆ 3250 ಮಿಲಿಗ್ರಾಂ ಆಯಿತು. ರೋಗಿಗೆ ತಾನು ಎರಡು ಕಡೆಯಿಂದ ಒಂದೇ ಔಷಧ ತಿನ್ನುತ್ತಿದ್ದೇನೆ ಎಂಬ ಅರಿವೇ ಇರುವುದಿಲ್ಲ.

ಅಂದಹಾಗೆ ಇಂಥ ಕೆಲವು ಮಾತ್ರೆಗಳ ಹೆಸರಿನ ಕೊನೆಗೆ ಬರುವ 'ಎಸ್‌ಪಿ'ಯಲ್ಲಿರುವ ಎಸ್ ಎಂದರೆ ಸೆರಾಶಿಯೋಪೆಪ್ಟಿಡೇಸ್. ಊತ ಇಳಿಸುತ್ತದೆ ಎಂದು ಸೇರಿಸಿದ್ದು. ಜಪಾನಿನಲ್ಲಿ ಅದರ ಮೂಲ ಕಂಪನಿಯೇ, ಉಪಯೋಗ ಸಾಬೀತಾಗಲಿಲ್ಲವೆಂದು 2011ರಲ್ಲಿ ವಾಪಸ್ ತೆಗೆದುಕೊಂಡಿತು. ನಮ್ಮಲ್ಲಿ ಇವತ್ತಿಗೂ ಪೊಲೀಸ್ ಸಾಹೇಬರ ಥರ ಮರ್ಯಾದೆಯಿಂದ "ಎಸ್‌ಪಿ ಕೊಡಿ" ಎಂದು ಕೇಳಿ ಒಯ್ಯುತ್ತಾರೆ.

ಹಳೆಯ ಉರಿಯೂತದ ಮಾತ್ರೆ, ಒಂಟಿಯಾಗಿ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್. ನೋವಿಗೆ ಚೆನ್ನಾಗಿ ಹಿಡಿಯುತ್ತವೆ. ಆದರೆ ಹೊಟ್ಟೆಯ ವಿಷಯದಲ್ಲಿ ಎಲ್ಲವೂ ಒಂದೇ ಅಲ್ಲ. ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ 2013ರ ದೊಡ್ಡ ವಿಶ್ಲೇಷಣೆಯಲ್ಲಿ, ಮಾತ್ರೆ ತೆಗೆದುಕೊಳ್ಳದವರಿಗೆ ಹೋಲಿಸಿದರೆ ಮೇಲ್ಹೊಟ್ಟೆಯ ರಕ್ತಸ್ರಾವದಂಥ ತೊಡಕು ಕಾಕ್ಸಿಬ್‌ಗಳಲ್ಲಿ ಸುಮಾರು 1.8 ಪಟ್ಟು, ಡೈಕ್ಲೊಫೆನಾಕ್‌ನಲ್ಲಿ 1.9, ದೊಡ್ಡ ಡೋಸಿನ ಐಬುಪ್ರೊಫೆನ್‌ನಲ್ಲಿ ಹೆಚ್ಚುಕಡಿಮೆ 4, ನ್ಯಾಪ್ರಾಕ್ಸೆನ್‌ನಲ್ಲಿ 4.2. ಹೃದಯದ ಲೆಕ್ಕ ಮಾತ್ರ ತಿರುಗುಮುರುಗು. ಅಲ್ಲಿ ಡೈಕ್ಲೊಫೆನಾಕ್ ಮತ್ತು ಕಾಕ್ಸಿಬ್‌ಗಳೇ ಕೆಟ್ಟವು, ನ್ಯಾಪ್ರಾಕ್ಸೆನ್ ಸುಮಾರಾಗಿ ನಿರಪಾಯ. ಹೊಟ್ಟೆಗೆ ಒಳ್ಳೆಯದು, ಹೃದಯಕ್ಕೂ ಒಳ್ಳೆಯದು ಎಂಬ ಒಂದು ಮಾತ್ರೆ ಈ ಕುಟುಂಬದಲ್ಲೇ ಹುಟ್ಟಿಲ್ಲ. ಅರವತ್ತೈದು ದಾಟಿದವರಿಗೆ ಈ ಗುಂಪನ್ನು ಹೊಟ್ಟೆಯ ಕಾವಲಿಲ್ಲದೆ ಕೊಡುವುದು ನನ್ನ ಮಟ್ಟಿಗೆ ಆಯ್ಕೆಯೇ ಅಲ್ಲ. ಆಪರೇಷನ್ ಆದ ಹೊಸದರಲ್ಲಿ ಕೊಡುವ ಕೆಟೊರೊಲಾಕ್ ಇವೆಲ್ಲಕ್ಕಿಂತ ಖಾರ. ಐದು ದಿನದ ಮೇಲೆ ಅದನ್ನು ಒಂದು ದಿನವೂ ಎಳೆಯಬಾರದು.

ಹಳೆಯ ಮಾತ್ರೆ, ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಹೀಗೆ 'ಪ್ರಜೋಲ್' ಎಂದು ಕೊನೆಯಾಗುವ ಇವನ್ನೇ ನಾವು ಗ್ಯಾಸ್ ಮಾತ್ರೆ ಅನ್ನುವುದು. ಆ ಹೆಸರೇ ಅನಾಹುತಕ್ಕೆ ಮೂಲ. ಗ್ಯಾಸ್ ಇಲ್ಲದವರು "ನನಗೆ ಬೇಡ" ಎಂದು ಬಿಟ್ಟುಬಿಡುತ್ತಾರೆ. ಇದು ಇಲ್ಲಿ ಗ್ಯಾಸಿಗೆ ಕೊಟ್ಟದ್ದಲ್ಲ. ಕಾವಲುಗಾರ ರಜೆಯ ಮೇಲೆ ಹೋದಾಗ ಕಳ್ಳನ ಕೈ ಕಟ್ಟಿಹಾಕುವ ಉಪಾಯ ಇದು. ಕಾವಲು ಇಲ್ಲ ನಿಜ, ಆದರೆ ಆಮ್ಲವೂ ಇಲ್ಲ. ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ಖಾಲಿ ಹೊಟ್ಟೆಯಲ್ಲಿ ನುಂಗಿದರೇ ಇದು ಪೂರ್ತಿ ಕೆಲಸ ಮಾಡುವುದು. ಇಡ್ಲಿ ತಿಂದಾದ ಮೇಲೆ ಎಲ್ಲ ಮಾತ್ರೆಯನ್ನೂ ಒಂದೇ ಹಿಡಿಯಲ್ಲಿ ಬಾಯಿಗೆ ಹಾಕಿಕೊಂಡರೆ ಅರ್ಧ ಬಲ ಪೋಲು. ಗುಲಾಬಿ ಬಣ್ಣದ ಸಿರಪ್ಪು ಇದಕ್ಕೆ ಬದಲಿ ಆಗದು. ಅದು ಉರಿಯನ್ನು ಮರೆಸುತ್ತದೆ, ಹುಣ್ಣನ್ನು ತಡೆಯುವುದಿಲ್ಲ.

ಇದರ ಒಂದು ಕೊರತೆ: ಕಾವಲು ಜಠರ ಮತ್ತು ಅದರ ಬಾಗಿಲಿನ ತನಕ ಮಾತ್ರ. ಸಣ್ಣ ಕರುಳಿನಲ್ಲಿ ಆಗುವ ಗಾಯಕ್ಕೆ ಆಮ್ಲ ಕಾರಣವಲ್ಲ, ಹಾಗಾಗಿ ಆಮ್ಲ ತಗ್ಗಿಸಿ ಅಲ್ಲಿ ಪ್ರಯೋಜನವಿಲ್ಲ.

ಕಾಕ್ಸಿಬ್. ಹೊಟ್ಟೆಯ ಅಪಾಯ ಇರುವ 4,484 ಸಂಧಿವಾತದ ರೋಗಿಗಳಿಗೆ ಆರು ತಿಂಗಳು ಬರೀ ಸೆಲೆಕಾಕ್ಸಿಬ್ ಒಂದು ಕಡೆ, ಡೈಕ್ಲೊಫೆನಾಕ್ ಮತ್ತು ಒಮೆಪ್ರಜೋಲ್ ಇನ್ನೊಂದು ಕಡೆ ಕೊಟ್ಟು ನೋಡಿದ ಅಧ್ಯಯನವಿದೆ, 2010ರದು. ಕರುಳಿನ ಉದ್ದಕ್ಕೂ ಎಲ್ಲೇ ಆದ ಗಂಭೀರ ತೊಡಕನ್ನೂ, ಹಿಮೋಗ್ಲೋಬಿನ್ ಕುಸಿತವನ್ನೂ ಎಣಿಸಿದಾಗ ಮೊದಲ ಗುಂಪಿನಲ್ಲಿ ಶೇ. 0.9, ಎರಡನೆಯದರಲ್ಲಿ ಶೇ. 3.8. ಮೇಲೆ ಹೇಳಿದ ಸಣ್ಣ ಕರುಳಿನ ವಿಚಾರ ಇಲ್ಲಿ ಅಂಕಿಯಲ್ಲಿ ಕಾಣುತ್ತದೆ. ಇವು ತಿಂಗಳುಗಟ್ಟಲೆ ಮಾತ್ರೆ ತಿಂದವರ ಲೆಕ್ಕ. ಹತ್ತು ದಿನ ತಿನ್ನುವವರಿಗೆ ಅಪಾಯ ಇಷ್ಟಿರುವುದಿಲ್ಲ, ಯಾವುದು ಯಾವುದಕ್ಕಿಂತ ಮೇಲು ಎಂಬ ದಿಕ್ಕನ್ನಷ್ಟೇ ಇದರಿಂದ ತೆಗೆದುಕೊಳ್ಳಿ.

ಕಾಕ್ಸಿಬ್ ಎಂದರೆ ಹೃದಯಕ್ಕೆ ಹೆದರುವವರಿದ್ದಾರೆ, ಕಾರಣವೂ ಇದೆ. ರೋಫೆಕಾಕ್ಸಿಬ್ ಎಂಬುದು ಹೃದಯಾಘಾತ ಹೆಚ್ಚಿಸುತ್ತದೆ ಎಂದು ಗೊತ್ತಾಗಿ 2004ರ ಸೆಪ್ಟೆಂಬರ್ 30ರಂದು ಅದರ ಕಂಪನಿಯೇ ಪ್ರಪಂಚದಾದ್ಯಂತ ಹಿಂದಕ್ಕೆ ಪಡೆಯಿತು. ನಾನು ಅಂಗಡಿ ಹಾಕಿದ ಹೊಸತು, ಶೆಲ್ಫಿನಿಂದ ಡಬ್ಬಿಗಳನ್ನು ಇಳಿಸಿ ವಾಪಸ್ ಕಳಿಸಿದ್ದು ನೆನಪಿದೆ. ಸೆಲೆಕಾಕ್ಸಿಬ್ ಉಳಿದುಕೊಂಡಿತು. 24 ಸಾವಿರ ಜನರ ಮೇಲೆ ನಡೆದು 2016ರಲ್ಲಿ ಬಂದ ಅಧ್ಯಯನದಲ್ಲಿ, ಮಿತವಾದ ಡೋಸಿನಲ್ಲಿ ಅದು ಹೃದಯಕ್ಕೆ ಐಬುಪ್ರೊಫೆನ್, ನ್ಯಾಪ್ರಾಕ್ಸೆನ್‌ಗಿಂತ ಕೆಟ್ಟದ್ದೇನಲ್ಲ ಎಂದು ಕಂಡಿತು. ಆದರೂ ಹೃದಯಾಘಾತ, ಪಾರ್ಶ್ವವಾಯು ಆದವರಿಗೆ, ಸ್ಟೆಂಟ್ ಇರುವವರಿಗೆ ಕಾಕ್ಸಿಬ್ ಅಲ್ಲ ಅನ್ನುವುದೇ ರೂಢಿ. ನಮ್ಮಲ್ಲಿ ಧಾರಾಳವಾಗಿ ಬರೆಯುವ ಎಟೊರಿಕಾಕ್ಸಿಬ್ ಬಿಪಿ ಏರಿಸುತ್ತದೆ. ಬಿಪಿ ಹತೋಟಿಯಲ್ಲಿಲ್ಲದವರಿಗೆ ಕೊಡಬಾರದು. ಅಮೆರಿಕದ ಔಷಧ ನಿಯಂತ್ರಕರು ಅದಕ್ಕೆ ಒಪ್ಪಿಗೆಯನ್ನೇ ಕೊಟ್ಟಿಲ್ಲ ಎಂಬುದನ್ನು ಕೇಳಿ ಗಿರಾಕಿಗಳು ಬೆಚ್ಚುತ್ತಾರೆ. ಯುರೋಪಿನಲ್ಲಿ ಒಪ್ಪಿಗೆ ಇದೆ.

ಕಾಕ್ಸಿಬ್ ಜೊತೆಗೂ ಪ್ಯಾಂಟೊಪ್ರಜೋಲ್ ಥರದ್ದು. ಹಿಂದೆ ಹುಣ್ಣಿನಿಂದ ರಕ್ತಸ್ರಾವ ಆಗಿದ್ದವರಿಗೆ ಇದೇ ಕೊನೆಯ ಮೆಟ್ಟಿಲು. ಹಾಂಗ್‌ಕಾಂಗ್‌ನಲ್ಲಿ ಅಂಥ 273 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬರೀ ಸೆಲೆಕಾಕ್ಸಿಬ್ ಕೊಟ್ಟಾಗ ಸುಮಾರು ಒಂದು ವರ್ಷದಲ್ಲಿ ಶೇ. 8.9 ಮಂದಿಗೆ ಮತ್ತೆ ರಕ್ತಸ್ರಾವವಾಯಿತು. ಎಸೊಮೆಪ್ರಜೋಲ್ ಸೇರಿಸಿದ ಗುಂಪಿನಲ್ಲಿ ಒಬ್ಬರಿಗೂ ಆಗಲಿಲ್ಲ. 2007ರ ಆ ಫಲಿತಾಂಶದಷ್ಟು ಖಚಿತವಾದ ಉತ್ತರ ಈ ವಿಷಯದಲ್ಲಿ ಅಪರೂಪ.

ಟ್ರಮಡಾಲ್. ಹೊಟ್ಟೆಯಲ್ಲಿ ಹುಣ್ಣು ಮಾಡುವುದಿಲ್ಲ. ತಲೆ ಸುತ್ತಿಸುತ್ತದೆ, ವಾಂತಿ ಬರಿಸುತ್ತದೆ, ಮಲ ಕಟ್ಟುತ್ತದೆ. ಎಪ್ಪತ್ತರ ಅಜ್ಜಿ ರಾತ್ರಿ ವಾಕರ್ ಹಿಡಿದು ಬಾತ್‌ರೂಮಿಗೆ ಹೋಗುವಾಗ ತಲೆ ಸುತ್ತಿ ಬಿದ್ದರೆ ಹುಣ್ಣಿಗಿಂತ ಅದೇ ದೊಡ್ಡದು. ಮನಸ್ಸಿನ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು, ಎರಡೂ ಕೂಡಿದರೆ ತೊಂದರೆ. ಚೀಟಿ ಇಲ್ಲದೆ ನಾವು ಕೊಡುವಂತಿಲ್ಲ, ಕೇಳಿ ಮುಖ ಕೆಡಿಸಿಕೊಳ್ಳಬೇಡಿ. ಮೊದಲ ಕೆಲವು ರಾತ್ರಿಗೆ, ತೀರಾ ಬೇಕಾದಾಗ.

ಜೆಲ್ ಮತ್ತು ಐಸು. ಜೆಲ್ ಹಚ್ಚಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಹೊಟ್ಟೆಗೆ ಅಷ್ಟೇನೂ ಭಯವಿಲ್ಲ. ಆದರೆ ಹೊಲಿಗೆ ಹಸಿಯಿರುವಾಗ ಹಚ್ಚಬಾರದು. ಐಸಿನ ಚೀಲಕ್ಕೆ ಕಾಸಿಲ್ಲ, ಅದಕ್ಕೇ ಬೆಲೆಯೂ ಇಲ್ಲ. ಟವೆಲ್ ಸುತ್ತಿ ಇಪ್ಪತ್ತು ನಿಮಿಷ, ಅಭ್ಯಾಸ ಮುಗಿದ ಕೂಡಲೇ. ಒಂದು ಹೊತ್ತಿನ ಮಾತ್ರೆ ಉಳಿಸಿದವರನ್ನು ಬಲ್ಲೆ.

ನೀವು ಯಾರು ಎಂಬುದರ ಮೇಲೆ

ಮಾತ್ರೆಯ ಗುಣಕ್ಕಿಂತ ನುಂಗುವವರ ಮೈಯ ಗುಣ ದೊಡ್ಡದು. ವಯಸ್ಸು 65 ದಾಟಿದೆಯೇ, ಹಿಂದೆ ಅಲ್ಸರ್ ಇತ್ತೇ, ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದೀರಾ, ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ಇದೆಯೇ? ಕೊನೆಯ ಪ್ರಶ್ನೆಗೆ ಕೀಲು ಬದಲಿಸಿಕೊಂಡವರಲ್ಲಿ ಬಹುತೇಕ ಎಲ್ಲರ ಉತ್ತರವೂ ಹೌದು. ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟದಿರಲಿ ಎಂದು ಕೆಲವು ವಾರ ಆಸ್ಪಿರಿನ್ನೋ ರಿವರೊಕ್ಸಬಾನ್, ಅಪಿಕ್ಸಬಾನ್ ಥರದ್ದೋ ಕೊಟ್ಟಿರುತ್ತಾರೆ. ಅದರ ಜೊತೆ ನೋವಿನ ಮಾತ್ರೆ ಸೇರಿದರೆ ಹುಣ್ಣು ಮಾಡುವವನೊಬ್ಬ, ರಕ್ತ ನಿಲ್ಲದಂತೆ ನೋಡಿಕೊಳ್ಳುವವನೊಬ್ಬ. ಆಸ್ಪಿರಿನ್ ಇದ್ದರೆ ಕಾಕ್ಸಿಬ್‌ನ ಹೊಟ್ಟೆಯ ಅನುಕೂಲವೂ ಬಹಳಷ್ಟು ಕರಗುತ್ತದೆ. ಆಸ್ಪಿರಿನ್ ಬಿಡುವಂತಿಲ್ಲದ, ಹಿಂದೆ ರಕ್ತಸ್ರಾವವಾಗಿದ್ದ 514 ಜನರ ಮೇಲಿನ 2017ರ ಅಧ್ಯಯನದಲ್ಲಿ ಎಲ್ಲರಿಗೂ ಎಸೊಮೆಪ್ರಜೋಲ್ ಕೊಟ್ಟೂ 18 ತಿಂಗಳಲ್ಲಿ ಸೆಲೆಕಾಕ್ಸಿಬ್‌ನವರಿಗೆ ಶೇ. 5.6, ನ್ಯಾಪ್ರಾಕ್ಸೆನ್‌ನವರಿಗೆ ಶೇ. 12.3 ಮತ್ತೆ ರಕ್ತಸ್ರಾವ ಆಯಿತು. ಐಬುಪ್ರೊಫೆನ್‌ಗೆ ಇನ್ನೊಂದು ಚಾಳಿ: ಅದು ಆಸ್ಪಿರಿನ್ ಕೂರುವ ಜಾಗದಲ್ಲಿ ತಾನು ಕೂತು ಆಸ್ಪಿರಿನ್ನಿನ ಕೆಲಸವನ್ನೇ ಕೆಡಿಸಬಹುದು. ಇವೆರಡೂ ಒಂದೇ ಚೀಟಿಯಲ್ಲಿದ್ದರೆ ಡಾಕ್ಟರನ್ನು ಕೇಳಿ.

ಹೊಟ್ಟೆಯ ಮಾತಾದರೂ ಕಿಡ್ನಿಯನ್ನು ಬಿಟ್ಟು ಮುಂದೆ ಹೋಗಲಾರೆ. ಬಿಪಿಗೆ ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಹೋಗಿಸುವ ಮಾತ್ರೆ, ಅದರ ಮೇಲೆ ನೋವಿನ ಮಾತ್ರೆ. ಈ ಮೂರೂ ಕೂಡಿದರೆ, ಅದರಲ್ಲೂ ವಾಂತಿ ಭೇದಿಯಾಗಿ ನೀರು ಬತ್ತಿದ್ದರೆ, ಕಿಡ್ನಿ ಕೈಕೊಡಬಹುದು. ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದುಗಳಿಗೆಂದೇ ಧಾಮ ಮಾಡಿದ್ದು ಯಾಕೆ ಗೊತ್ತೇ? ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್, ಸತ್ತ ದನವನ್ನು ತಿಂದ ಹದ್ದುಗಳ ಕಿಡ್ನಿ ಕೆಡಿಸಿ ದೇಶದ ರಣಹದ್ದುಗಳನ್ನೇ ಬಹುಪಾಲು ಅಳಿಸಿಹಾಕಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ಮನುಷ್ಯರು ಹದ್ದಿನಷ್ಟು ನಾಜೂಕಲ್ಲ, ಆದರೂ ಆ ಬೆಟ್ಟದ ಪಕ್ಕದ ಹೆದ್ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ನನ್ನ ಶೆಲ್ಫು ನೆನಪಾಗುತ್ತದೆ.

ಇನ್ನೊಂದು, ಮಂಡಿ ಬದಲಿಸುವ ಹಂತಕ್ಕೆ ಬಂದವರು ಅಷ್ಟರಲ್ಲೇ ಹತ್ತು ವರ್ಷ ನೋವಿನ ಮಾತ್ರೆ ತಿಂದಿರುತ್ತಾರೆ. ಹೊಟ್ಟೆ ಆಪರೇಷನ್ ಟೇಬಲ್ಲಿಗೆ ಹೋಗುವಾಗಲೇ ಸವೆದಿರುತ್ತದೆ. ಮನೆಯ ಡಬ್ಬದಲ್ಲಿ ಹಳೆಯ ಶೀಟುಗಳು ಉಳಿದಿರುತ್ತವೆ. ಆಸ್ಪತ್ರೆಯವರು ಕೊಟ್ಟ ಎಟೊರಿಕಾಕ್ಸಿಬ್ ಸಾಲದೆನಿಸಿದ ರಾತ್ರಿ ಡಬ್ಬದ ವೊವೆರಾನ್, ಅಂದರೆ ಡೈಕ್ಲೊಫೆನಾಕ್, ಕೈಗೆ ಬರುತ್ತದೆ. ಒಂದೇ ಜಾತಿಯ ಎರಡು ಮಾತ್ರೆ ಒಟ್ಟಿಗೆ ತಿಂದರೆ ನೋವು ಇನ್ನಷ್ಟು ಇಳಿಯುವುದಿಲ್ಲ, ಹೊಟ್ಟೆಗೆ ಪೆಟ್ಟು ಮಾತ್ರ ಎರಡು. ಆಪರೇಷನ್ನಿಗೆ ಹೋಗುವ ಮುನ್ನ ಆ ಡಬ್ಬ ಖಾಲಿ ಮಾಡಿ. ಅಲ್ಸರ್ ಇದ್ದವರು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆಯನ್ನೂ ಮೊದಲೇ ಮಾಡಿಸಿಕೊಳ್ಳುವುದು ಲೇಸು.

ದೊಡ್ಡಮ್ಮನ ಹತ್ತೊಂಬತ್ತನೇ ದಿನ

ನನ್ನ ದೊಡ್ಡಮ್ಮನಿಗೆ ಬಲ ಮಂಡಿ ಬದಲಿಸಿದಾಗ ವಯಸ್ಸು 68. ಡಿಸ್ಚಾರ್ಜ್ ಚೀಟಿಯಲ್ಲಿ ಆಸ್ಪಿರಿನ್ ಐದು ವಾರ, ಅಸಿಕ್ಲೊಫೆನಾಕ್ ಹತ್ತು ದಿನ, ಪ್ಯಾಂಟೊಪ್ರಜೋಲ್ ಹತ್ತು ದಿನ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ. ಚೀಟಿ ಸರಿಯಾಗಿಯೇ ಇತ್ತು. ಹನ್ನೊಂದನೇ ದಿನ ಅಣ್ಣ ಬಂದು ನೋವಿನದೊಂದು ಶೀಟು ಕೇಳಿದ. ಮನೆಯವನೇ ಅಲ್ಲವೇ ಎಂದು ಕೊಟ್ಟವನು ನಾನು. ಗ್ಯಾಸ್ ಮಾತ್ರೆ ಅವನು ಕೇಳಲಿಲ್ಲ, ನಾನೂ ಕೊಡಲಿಲ್ಲ. ಹದಿನೇಳನೇ ದಿನ ದೊಡ್ಡಮ್ಮ ಫೋನಿನಲ್ಲಿ ಸಂಕೋಚಪಡುತ್ತಾ, "ಕಪ್ಪಗೆ ಹೋಗ್ತಿದೆ ಕಣೋ" ಅಂದರು. "ಕಬ್ಬಿಣದ ಮಾತ್ರೆಗೆ ಹಾಗೇ ದೊಡ್ಡಮ್ಮ" ಅಂದೆ. ಹತ್ತೊಂಬತ್ತನೇ ರಾತ್ರಿ ಬಾತ್‌ರೂಮಿನ ಬಾಗಿಲಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟರು. ಡಿಸ್ಚಾರ್ಜ್ ದಿನ 10.4 ಇದ್ದ ಹಿಮೋಗ್ಲೋಬಿನ್ 6.8ಕ್ಕೆ ಇಳಿದಿತ್ತು. ಎಂಡೋಸ್ಕೋಪಿಯಲ್ಲಿ ಜಠರದ ಕೆಳತುದಿಯಲ್ಲಿ ಹುಣ್ಣು. ಒಂದು ದಿನವೂ ಹೊಟ್ಟೆ ನೋವು ಅಂದಿರಲಿಲ್ಲ.

ಕಬ್ಬಿಣದ ಮಾತ್ರೆಯ ಕಪ್ಪಿಗೂ ರಕ್ತದ ಕಪ್ಪಿಗೂ ವ್ಯತ್ಯಾಸವಿದೆ. ಕಬ್ಬಿಣದ್ದು ಹಸಿರು ಮಿಶ್ರಿತ ಕಪ್ಪು, ಗಟ್ಟಿ. ರಕ್ತದ್ದು ಡಾಮರಿನ ಥರ ಹೊಳೆಯುವ, ಅಂಟುವ ಕಪ್ಪು. ನೀರು ಹಾಕಿದರೂ ಕಮೋಡಿಗೆ ಹತ್ತಿಕೊಂಡಿರುತ್ತದೆ, ವಾಸನೆ ಸಹಿಸಲಾಗದು. ಅನುಮಾನ ಬಂದರೆ ಮನೆಯಲ್ಲಿ ಕೂತು ವ್ಯತ್ಯಾಸ ಹುಡುಕಬೇಡಿ. ವಾಂತಿಯಲ್ಲಿ ಕಾಫಿ ಚರಟದಂಥದ್ದು ಬಂದರೆ, ಎದ್ದು ನಿಂತಾಗ ತಲೆ ಸುತ್ತಿದರೆ, ಕೂತಲ್ಲೇ ಎದೆ ಹೊಡೆದುಕೊಂಡರೆ ನೋವಿನ ಮಾತ್ರೆ ಅಲ್ಲಿಗೇ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಖಾಲಿಯಾದವೂ ಸೇರಿ ಎಲ್ಲ ಶೀಟುಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ರಕ್ತ ತೆಳು ಮಾಡುವ ಮಾತ್ರೆಯನ್ನು ಮುಂದುವರಿಸಬೇಕೋ ಬೇಡವೋ ಎಂದು ಅಲ್ಲಿನ ಡಾಕ್ಟರು ನಿರ್ಧರಿಸಲಿ.

ಡಿಸ್ಚಾರ್ಜ್ ದಿನ ಕೇಳಬೇಕಾದ್ದು

ನೋವಿನ ಮಾತ್ರೆ ಯಾವ ತಾರೀಕಿಗೆ ನಿಲ್ಲಬೇಕು? ಅದಾದ ಮೇಲೂ ನೋವಿದ್ದರೆ ಯಾವುದು? ಈ ಎರಡಕ್ಕೆ ಉತ್ತರ ಬರೆಸಿಕೊಳ್ಳದೆ ಆಸ್ಪತ್ರೆಯ ಮೆಟ್ಟಿಲು ಇಳಿಯಬೇಡಿ. ಪ್ಯಾಂಟೊಪ್ರಜೋಲ್ ನೋವಿನ ಮಾತ್ರೆಯ ಜೊತೆಗೇ ನಿಲ್ಲುತ್ತದೋ, ಆಸ್ಪಿರಿನ್ ಮುಗಿಯುವವರೆಗೆ ಇರಬೇಕೋ ಎಂಬುದನ್ನೂ ಕೇಳಿ. ಎರಡು ವಾರಕ್ಕೆಂದು ಶುರುವಾದ ಆ ಮಾತ್ರೆಯನ್ನು ಎಂಟು ವರ್ಷದಿಂದ ತಿನ್ನುತ್ತಿರುವವರೂ ನನ್ನ ಗಿರಾಕಿಗಳಲ್ಲಿದ್ದಾರೆ. ಮೂರನೇ ವಾರದಲ್ಲೂ ನೋವು ಇಳಿಯುವ ಬದಲು ಏರುತ್ತಿದ್ದರೆ, ಮಂಡಿ ಕೆಂಪಾಗಿ ಬಿಸಿಯಿದ್ದರೆ, ಮೀನಖಂಡ ಊದಿದ್ದರೆ ಅದು ಇನ್ನೊಂದು ಶೀಟಿನ ಕೆಲಸವಲ್ಲ, ಸೋಂಕೋ ಹೆಪ್ಪೋ ಎಂದು ಡಾಕ್ಟರು ನೋಡಬೇಕು.

ನನ್ನ ಕೌಂಟರಿನಲ್ಲಿ ಈಗ ಕೆಂಪು ಮಾರ್ಕರ್ ಪೆನ್ ಇದೆ. ಕೀಲಿನ ಆಪರೇಷನ್ ಆದವರ ಶೀಟಿನ ಹಿಂದೆ ಕೊನೆಯ ತಾರೀಕು ಬರೆದೇ ಕೊಡುತ್ತೇನೆ. ಖಾಲಿ ಶೀಟು ತಂದವರಿಗೆ ಮೊದಲು ಚೀಟಿ ಕೇಳುತ್ತೇನೆ. ಕೆಲವರು ಬೈದುಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ.

ದೊಡ್ಡಮ್ಮ ಎರಡು ವರ್ಷ ಬಿಟ್ಟು ಎಡ ಮಂಡಿಯನ್ನೂ ಮಾಡಿಸಿಕೊಂಡರು. ಈ ಸಲ ಹಿಂದಿನ ಕಥೆಯೆಲ್ಲ ಮೊದಲೇ ಹೇಳಿದ್ದರಿಂದ, ಪೈಲೋರಿ ಪರೀಕ್ಷೆ ಮಾಡಿಸಿ, ಪ್ಯಾರಾಸಿಟಮಾಲ್ ಹೊತ್ತು ಹೊತ್ತಿಗೆ, ಸೆಲೆಕಾಕ್ಸಿಬ್ ಐದೇ ದಿನಕ್ಕೆ, ಪ್ಯಾಂಟೊಪ್ರಜೋಲ್ ಆಸ್ಪಿರಿನ್ ಮುಗಿಯುವವರೆಗೆ ಎಂದು ಬರೆದಿದ್ದರು. ಮೂರು ದಿನಕ್ಕೆ ಸಾಕೆನಿಸಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ ಸೆಲೆಕಾಕ್ಸಿಬ್ ನಿಲ್ಲಿಸಿದರು. ನೋಡಲು ಹೋದಾಗ ನಾಲ್ಕು ಮಾತ್ರೆ ಉಳಿದ ಶೀಟನ್ನು ದಿಂಬಿನ ಕೆಳಗಿನಿಂದ ತೆಗೆದು ಕೈಗಿಟ್ಟರು. "ತಗೋ, ನಿನ್ನ ಅಂಗಡಿಗೇ ವಾಪಸ್ಸು." ಕತ್ತರಿಸಿದ ಶೀಟು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯಲ್ಲಿ ಬೋರ್ಡು ಹಾಕಿದ್ದೇನೆ. ಅವತ್ತು ತೆಗೆದುಕೊಂಡೆ.